ಕಡಿಮೆ ತೋರಿಸುವ ಕ್ಯಾಮೆರಾ

ದೇವನಹಳ್ಳಿ
31-7-2011

ಚಿರಂಜೀವಿ ಕೀರ್ತನಾಗೆ ಮಾವನ ಆಶೀರ್ವಾದ.

ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯುವ ಮೊದಲು ಒಂದು ಸಲ ಎಣಿಸಿ ನೋಡಿದೆ. ನಿಮ್ಮತ್ತೆ ಅಂಜಿನಮ್ಮನ ಮಂಡಿನೋವು ಇದ್ದಲ್ಲೇ ಇದೆ. ಕುಂದಾಣದಲ್ಲಿ ನಿಮ್ಮಮ್ಮ, ಅಂದರೆ ನಮ್ಮಕ್ಕ, ಗಟ್ಟಿಯಾಗಿದ್ದಾಳೆ. ನನ್ನ ಎರಡು ಇಟ್ಟಿಗೆ ಲಾರಿಗಳಲ್ಲಿ ಒಂದು ಓಡುತ್ತಿದೆ. ಇಷ್ಟಿದ್ದರೆ ಕ್ಷೇಮ ಎಂದೇ ಅನ್ನಬಹುದು.

ನಿಮ್ಮ ಬಿ.ಎಡ್. ಹಾಸ್ಟೆಲಿನ ಫೋನು ಊಟದ ಹಾಲಿನ ಗೋಡೆಗಿದೆ, ಅಲ್ಲಿ ಆಡಿದ ಮಾತನ್ನು ನಲವತ್ತು ಹುಡುಗಿಯರು ಸಾರಿನ ಜೊತೆ ಕಲಸಿಕೊಂಡು ತಿನ್ನುತ್ತಾರೆ ಎಂದೆಯಲ್ಲ, ಅದಕ್ಕೇ ಈ ಕಾಗದ.

ನಂದಗುಡಿಯ ಬೈಲಪ್ಪ ತಂದ ಸಂಬಂಧ ಮುಂದುವರಿದಿದೆ. ಹುಡುಗ ಮುರಳಿ ಕುವೈತಿನಲ್ಲಿ ಬ್ರೆಡ್ಡು ಮಾಡುವ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುತ್ತಾನೆ. ಅವನ ಅಕ್ಕ ಪ್ರಮೋದಾ ಗಂಡನ ಜೊತೆ ಅಲ್ಲೇ ಇದ್ದಾಳೆ. ಅವಳ ಬಾಣಂತನಕ್ಕೆಂದು ತಾಯಿ ಸಪ್ಪಲಮ್ಮನವರೂ ಹೋಗಿದ್ದಾರೆ. ತಂದೆ ಇಲ್ಲ. ಹೀಗಾಗಿ ಹೆಣ್ಣು ನೋಡಬೇಕಾದ ಕಣ್ಣುಗಳೆಲ್ಲ ಕುವೈತಿನಲ್ಲಿವೆ. ನೋಡುವ ಶಾಸ್ತ್ರ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಎಂದು ತೀರ್ಮಾನವಾಯಿತು. ಅಲ್ಲಿ ಶುಕ್ರವಾರ ರಜ. ಆಗಸ್ಟ್ ಹತ್ತೊಂಬತ್ತು ಎಂದು ಗೊತ್ತು ಮಾಡಿದ್ದೇವೆ.

ನೀನು ಹಾಕಿದ ಷರತ್ತು ಮರೆತಿಲ್ಲ. ನಿನ್ನ ಎಡಗಿವಿಯಿಂದ ಕುತ್ತಿಗೆಗೆ ಇಳಿದ ಬಿಳಿ ಮಚ್ಚೆಯ ವಿಷಯ ನಾವು ಮೊದಲೇ ಬಾಯಿಬಿಟ್ಟು ಹೇಳಬಾರದು, ಆದರೆ ಅದು ಅವರಿಗೆ ಕಾಣಲೇಬೇಕು. ಹಿಂದೆ ಬೇರೆ ಸಂಬಂಧಗಳು ಬಂದಾಗ ಎರಡು ಸಲ ಮೊದಲೇ ಹೇಳಿದೆವು. ಎರಡು ಸಲವೂ ಅವರು ನಮ್ಮ ಹೊಸಿಲಿಗೇ ಬರಲಿಲ್ಲ. ‘ಹೇಳಿದ್ರೆ ಅವ್ರಿಗೆ ಮಚ್ಚೆ ಒಂದೇ ಕೇಳಿಸ್ತದೆ ಮಾವ, ನೋಡಿದ್ರೆ ಅದ್ರ ಜೊತೆ ನಾನೂ ಕಾಣ್ತೀನಿ’ ಎಂದೆ ನೀನು. ನಾನು ಒಂದೇ ಮಾತಿಗೆ ಒಪ್ಪಿಕೊಂಡೆ. ನನಗೆ ಹಾಗಾಗುವುದು ಅಪರೂಪ.

ಆದ್ದರಿಂದ ನಿನ್ನೆ ಬೆಂಗಳೂರಿಗೆ ಹೋಗಿ ಎಸ್.ಪಿ. ರೋಡಿನಲ್ಲಿ ನಾಲ್ಕು ಗಂಟೆ ಅಲೆದು ಕ್ಯಾಮೆರಾ ಆರಿಸಿದೆ. ಇಟ್ಟಿಗೆಯಾದರೆ ಒಂದಕ್ಕೊಂದು ತಟ್ಟಿ ಸದ್ದು ಕೇಳುತ್ತೇನೆ. ಕ್ಯಾಮೆರಾವನ್ನು ಎಲ್ಲಿ ತಟ್ಟುವುದು? ಮೊದಲನೇ ಅಂಗಡಿಯಲ್ಲಿ ಡಬ್ಬಿಯ ಮೇಲೆ ಇಪ್ಪತ್ತೈದು ಮೆಗಾಪಿಕ್ಸೆಲ್ ಎಂದು ಬರೆದದ್ದನ್ನು ನಾನೂರೈವತ್ತಕ್ಕೆ ಕೊಡುತ್ತೇನೆಂದರು. ಅಷ್ಟು ದೊಡ್ಡ ಅಂಕಿ ಅಷ್ಟು ಸುಲಭಕ್ಕೆ ಬಂದರೆ ನನಗೆ ಅನುಮಾನ. ಎರಡನೇ ಅಂಗಡಿಯ ಮುದುಕ ನಿಜ ಹೇಳಿದ. ಆ ಅಂಕಿ ಕಂಪ್ಯೂಟರು ಹಿಗ್ಗಿಸಿ ತೋರಿಸುವ ಲೆಕ್ಕವಂತೆ, ಕಣ್ಣಿನದಲ್ಲವಂತೆ. ಕೇಳಬೇಕಾದದ್ದು ಬೇರೆ. ಹುಟ್ಟಾ ಎಚ್‌ಡಿಯೇ, ಹಿಗ್ಗಿಸಿದ್ದೇ? ಲೆನ್ಸು ಗಾಜಿನದೋ ಪ್ಲಾಸ್ಟಿಕ್ಕೋ? ಸೆಕೆಂಡಿಗೆ ಮೂವತ್ತು ಚಿತ್ರ ಹಿಡಿಯುತ್ತದೆಯೇ? ಮನೆಯ ಇಂಟರ್‌ನೆಟ್ ಲೈನು ಅಷ್ಟನ್ನು ಹೊರುತ್ತದೆಯೇ? ಕೊನೆಗೆ, ‘ಎಂಥಾ ಕ್ಯಾಮೆರಾ ತಗೊಂಡ್ರೂ ದೀಪ ಮುಖದ ಮುಂದೆ ಇರ್ಲಿ ಯಜಮಾನ್ರೇ, ಬೆನ್ನ ಹಿಂದೆ ಅಲ್ಲ’ ಎಂದ. ತನ್ನ ಒಂದು ಕ್ಯಾಮೆರಾದ ಎದುರಿಗೆ ನನ್ನನ್ನೇ ಕೂರಿಸಿ ತೋರಿಸಿದ. ಬೆಳಿಗ್ಗೆ ಕ್ಷೌರದಲ್ಲಿ ಬಿಟ್ಟುಹೋದ ಮೂರು ಕೂದಲು ಗದ್ದದ ಮೇಲೆ ಎಣಿಸುವ ಹಾಗೆ ಕಂಡವು.

ಅದನ್ನೇ ತಂದೆ. ಎರಡು ಸಾವಿರದ ಆರುನೂರು. ನಿಮ್ಮತ್ತೆಗೆ ಸಾವಿರದ ಆರುನೂರು ಎಂದಿದ್ದೇನೆ, ಕೇಳಿದರೆ ನೀನೂ ಅಷ್ಟೇ ಅನ್ನು. ಲೈನನ್ನೂ ಒಂದು ಮೆಟ್ಟಿಲು ಮೇಲಕ್ಕೆ ಹಾಕಿಸಿದ್ದೇನೆ. ಇನ್ನು ನೀನು ಬಂದು ಕೂತರಾಯಿತು.

ನಿನ್ನ ಮಾವ,
ಮುನಿಶಾಮಪ್ಪ


ತುಮಕೂರು
6-8-2011

ಮಾವನಿಗೆ ಕೀರ್ತನಾಳ ನಮಸ್ಕಾರ.

ಕ್ಯಾಮೆರಾ ತಂದದ್ದಕ್ಕೆ ಸಂತೋಷ. ಅತ್ತೆಯ ಹತ್ತಿರ ಬೆಲೆ ಹೇಳುವುದಿಲ್ಲ, ಆದರೆ ಅವರಾಗಿ ಕೇಳಿದರೆ ಸುಳ್ಳೂ ಹೇಳುವುದಿಲ್ಲ.

ಒಂದೇ ಬೇಡಿಕೆ. ಅಮ್ಮ ಆವತ್ತು ಎಡಗಡೆಗೆ ಬರುವಂತೆ ಕನಕಾಂಬರ ಇಳಿಬಿಡುತ್ತಾಳೆ, ಸೆರಗು ಏರಿಸುತ್ತಾಳೆ. ನೀವು ತಡೆಯಬೇಕು. ತುರುಬು ಹಾಕಿಕೊಂಡು, ಎಡ ಕೆನ್ನೆ ಅವರ ಕಡೆಗೆ ಬರುವ ಹಾಗೆ ಕೂರುತ್ತೇನೆ. ಮನೆಯ ಹೆಣ್ಣು ತನ್ನ ವಿಷಯ ತಾನೇ ಹೇಳುವ ಪದ್ಧತಿ ನಮ್ಮಲ್ಲಿ ಇಲ್ಲವಲ್ಲ. ಹಾಗಾಗಿ ನಾನು ಹೇಳಬೇಕಾದದ್ದನ್ನು ಆ ಕ್ಯಾಮೆರಾ ಹೇಳಲಿ. ಅವರು ಬೇಡ ಎಂದರೆ ಆ ಹೊತ್ತಿಗೇ ಮುಗಿದುಹೋಗುತ್ತದೆ, ಅದು ನನಗೆ ಅಭ್ಯಾಸವಿದೆ. ಮದುವೆಯಾದ ಮೇಲೆ ಯಾರಾದರೂ ನನ್ನ ಕುತ್ತಿಗೆ ನೋಡಿ ಬೆಚ್ಚುವುದು ಮಾತ್ರ ಬೇಡ.

ನಿಮ್ಮ,
ಕೀರ್ತನಾ


ದೇವನಹಳ್ಳಿ
23-8-2011

ಚಿರಂಜೀವಿ ಕೀರ್ತನಾಗೆ,

ನೀನು ತುಮಕೂರು ಬಸ್ಸು ಹತ್ತಿ ಎರಡು ದಿನವಾಗಿತ್ತು ಅಷ್ಟೇ, ಬೈಲಪ್ಪ ಬಂದು ಬಾಗಿಲಲ್ಲೇ ನಿಂತು ಕುವೈತಿನವರು ಒಪ್ಪಿದ್ದಾರೆ ಎಂದ. ಒಳಗೆ ಬಾರಪ್ಪ ಎಂದರೆ, ಮೊದಲು ಸುದ್ದಿ ಆಮೇಲೆ ಕಾಫಿ ಎನ್ನುತ್ತಾನೆ. ಸಪ್ಪಲಮ್ಮನವರಿಗೆ ನಿನ್ನ ಮಾತು ಹಿಡಿಸಿತಂತೆ. ಹುಡುಗ ಎರಡು ಸಲ ನಿನ್ನ ಓದಿನ ಬಗ್ಗೆ ಕೇಳಿದನಂತೆ. ನವೆಂಬರಿನಲ್ಲಿ ಮೂವರೂ ಊರಿಗೆ ಬರುತ್ತಾರೆ, ಹನ್ನೊಂದನೇ ತಾರೀಕು ನಿಶ್ಚಿತಾರ್ಥ.

ಅಕ್ಕನಿಗೆ ಹೇಳಲು ಕುಂದಾಣಕ್ಕೆ ಹೋದಾಗ ಅವಳು ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ಮೊರ ಕೆಳಗಿಟ್ಟು ಅಳತೊಡಗಿದಳು. ಆ ಹೊತ್ತಿಗೆ ಕೋಳಿಗಳು ಮೊರಕ್ಕೆ ಬಾಯಿ ಹಾಕಿದವು. ನಾನು ಕೋಳಿ ಓಡಿಸುವುದೋ ಅಕ್ಕನನ್ನು ಸಮಾಧಾನಿಸುವುದೋ ತಿಳಿಯದೆ ಕೋಳಿಯನ್ನೇ ಓಡಿಸಿದೆ.

ಮತ್ತೇನು. ವಿಮಾನ ನಿಲ್ದಾಣದ ಆಚೆ ಹೊಸ ಹೋಟೆಲೊಂದರ ಕಾಂಪೌಂಡಿಗೆ ಇಟ್ಟಿಗೆ ಕೇಳಿದ್ದಾರೆ. ನಿಂತಿದ್ದ ಲಾರಿ ರಿಪೇರಿಯಾಗಿ ಬಂತು. ಕ್ಯಾಮೆರಾ ಚೆನ್ನಾಗಿ ಕೆಲಸ ಮಾಡಿತೇ ಎಂದು ನೀನು ಹೊರಡುವಾಗ ಕೇಳಿದೆ. ಅವರು ಮುಕ್ಕಾಲು ಗಂಟೆ ನೋಡಿದರು, ಯಾರೂ ಏನೂ ಕೇಳಲಿಲ್ಲ. ಅದರ ವಿಷಯ ಇನ್ನು ಬಿಡು. ಚೆನ್ನಾಗಿ ಓದು.

ನಿನ್ನ ಮಾವ,
ಮುನಿಶಾಮಪ್ಪ


ತುಮಕೂರು
5-9-2011

ಪ್ರೀತಿಯ ಮಾವ,

ನಿಮ್ಮ ಕಾಗದ ಬಂದು ಹತ್ತು ದಿನವಾಯಿತು. ಉತ್ತರ ಬರೆಯದೆ ಇದ್ದದ್ದು ಸೋಮಾರಿತನದಿಂದಲ್ಲ. ಈ ಸುದ್ದಿಯನ್ನು ಸ್ವಲ್ಪ ದಿನ ಯಾರಿಗೂ ಕೊಡದೆ ಇಟ್ಟುಕೊಳ್ಳಬೇಕು ಅನ್ನಿಸಿತು.

ಅವರು ನೋಡಿದರು, ಮಾವ. ಮುಕ್ಕಾಲು ಗಂಟೆ, ಅಷ್ಟು ಒಳ್ಳೆಯ ಕ್ಯಾಮೆರಾದಲ್ಲಿ, ನನ್ನ ಎಡಗಡೆಯನ್ನು ನೋಡಿದರು. ಏನೂ ಕೇಳಲಿಲ್ಲ. ಅಯ್ಯೋ ಪಾಪ ಎನ್ನಲಿಲ್ಲ, ಔಷಧಿ ಹೇಳಲಿಲ್ಲ, ಪರವಾಗಿಲ್ಲ ಎಂದು ದೊಡ್ಡ ಮನಸ್ಸು ತೋರಿಸಲೂ ಇಲ್ಲ. ನನ್ನ ಮೂಗನ್ನು ನೋಡಿದ ಹಾಗೆಯೇ ಅದನ್ನೂ ನೋಡಿದರು. ಹದಿನಾರನೇ ವಯಸ್ಸಿನಿಂದ ಹೀಗೆ ನನ್ನನ್ನು ಯಾರೂ ನೋಡಿರಲಿಲ್ಲ. ಅಮ್ಮನೂ ನೋಡಿಲ್ಲ.

ಇಲ್ಲಿ ಪಾಠ ಹೇಳುವ ಅಭ್ಯಾಸಕ್ಕೆ ನಮ್ಮನ್ನು ಸರ್ಕಾರಿ ಶಾಲೆಗೆ ಕಳಿಸುತ್ತಾರೆ. ಇಷ್ಟು ದಿನ ಕುತ್ತಿಗೆಗೆ ಸೆರಗು ಸುತ್ತಿಕೊಂಡೇ ಪಾಠ ಮಾಡುತ್ತಿದ್ದೆ, ಬೋರ್ಡಿನ ಮೇಲೆ ಬರೆಯುವಾಗ ಒಂದು ಕೈ ಅದನ್ನೇ ಹಿಡಿದಿರುತ್ತಿತ್ತು. ಹೋದ ವಾರದಿಂದ ಬಿಟ್ಟಿದ್ದೇನೆ. ಮೊದಲನೇ ಬೆಂಚಿನ ಹುಡುಗಿ, ‘ಮಿಸ್, ಅದೇನು?’ ಎಂದಳು. ಅಲ್ಲಿ ಬಣ್ಣ ಬಿಟ್ಟಿದೆ ಕಣೇ ಎಂದೆ. ‘ನೋಯ್ತದಾ?’ ಎಂದಳು. ಇಲ್ಲ ಎಂದೆ. ಅಷ್ಟೇ. ಆಮೇಲೆ ಭಿನ್ನರಾಶಿ ಹೇಳಿಕೊಟ್ಟೆ.

ಇವತ್ತು ಶಿಕ್ಷಕರ ದಿನಾಚರಣೆ. ಆ ಹುಡುಗಿ ಒಂದು ಚೆಂಡುಹೂವು ಕೊಟ್ಟಳು. ಎಡಗಡೆಯೇ ಮುಡಿದುಕೊಂಡೆ, ಮಚ್ಚೆಗೆ ಅಡ್ಡ ಬಾರದ ಹಾಗೆ, ಮೇಲಕ್ಕೆ.

ನಿಮಗೆ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯದು. ಬೇರೆ ಯಾರ ಮಾವನೂ ಅಂಥ ಕ್ಯಾಮೆರಾ ತರುತ್ತಿರಲಿಲ್ಲ.

ನಿಮ್ಮ,
ಕೀರ್ತನಾ


ದೇವನಹಳ್ಳಿ
2-10-2011

ಕೀರ್ತನಾಗೆ,

ನಿನ್ನ ಕಾಗದ ಬಂದು ಮೂರು ವಾರ ದಾಟಿತು. ಇದು ನಾನು ಬರೆಯುತ್ತಿರುವ ಐದನೇ ಉತ್ತರ. ಹಿಂದಿನ ನಾಲ್ಕರಲ್ಲಿ ಲಾರಿ, ಮಳೆ, ನಿಮ್ಮತ್ತೆಯ ಮಂಡಿ ಎಲ್ಲ ಇತ್ತು, ಹೇಳಬೇಕಾದದ್ದು ಇರಲಿಲ್ಲ. ಅವನ್ನು ಒಲೆಗೆ ಹಾಕಿದೆ.

ಅವರು ನೋಡಲಿಲ್ಲ, ಮಗಳೇ.

ಆವತ್ತು ಕಂಪ್ಯೂಟರಿನ ಮೇಲೆ ಕೂತಿದ್ದದ್ದು ನಾನು ಆರಿಸಿ ತಂದ ಕ್ಯಾಮೆರಾ ಅಲ್ಲ. ಗುರುವಾರ ಸಂಜೆ ಪರೀಕ್ಷೆಗೆಂದು ಅಂಜಿನಮ್ಮನನ್ನು ಅದರ ಮುಂದೆ ಕೂರಿಸಿದೆ. ಚಿತ್ರವನ್ನು ಪರದೆ ತುಂಬ ದೊಡ್ಡದು ಮಾಡಿದೆ. ಅವಳ ಹುಬ್ಬಿನ ಪಕ್ಕ ಒಂದು ಸುಟ್ಟ ಗಾಯದ ಗುರುತು ಕಂಡಿತು. ಇದು ಯಾವಾಗಿನದು ಎಂದೆ. ‘ನಿಮ್ಮ ಮನೆಗೆ ಬಂದ ವರ್ಷದ್ದು, ಹಾಲು ಉಕ್ಕಿದ್ದು’ ಎಂದಳು. ಇಪ್ಪತ್ತಾರು ವರ್ಷ ಎದುರಿಗೆ ಕೂತು ಉಂಡವನಿಗೆ ಕಾಣದ್ದು ಆ ಕ್ಯಾಮೆರಾಗೆ ಒಂದು ನಿಮಿಷದಲ್ಲಿ ಕಂಡಿತು. ಇನ್ನು ನಿನ್ನ ಮಚ್ಚೆ ಹೇಗೆ ಕಂಡೀತು ಎಂದು ಅದನ್ನು ಕಿತ್ತು ಡಬ್ಬಿಗೆ ಹಾಕಿದೆ.

ಶುಕ್ರವಾರ ಬೆಳಿಗ್ಗೆ, ನೀನು ಕುಂದಾಣದಿಂದ ಬರುವ ಮೊದಲು, ಹಳೇ ಬಸ್ ನಿಲ್ದಾಣದ ಹತ್ತಿರದ ಅಂಗಡಿಗೆ ಹೋಗಿ ಇನ್ನೊಂದು ತಂದೆ. ಸ್ವಲ್ಪ ಕಡಿಮೆ ತೋರಿಸುವಂಥದ್ದು ಕೊಡಪ್ಪ ಎಂದೆ. ಅವನು ನಕ್ಕು, ಇಷ್ಟು ವರ್ಷದಲ್ಲಿ ಹೀಗೆ ಕೇಳಿದವರು ನೀವೊಬ್ಬರೇ ಎಂದ. ಅದೇ ನಾನೂರೈವತ್ತರದು. ದೀಪವನ್ನು ಬೆನ್ನ ಹಿಂದಕ್ಕೆ ಇಟ್ಟೆ. ಪರದೆಯ ಮೂಲೆಯಲ್ಲಿ ನಿನ್ನ ಚಿತ್ರ ಚಿಕ್ಕ ಚೌಕದಲ್ಲಿ ಬರುತ್ತಿತ್ತಲ್ಲ, ಚಿಕ್ಕದಾದ್ದರಿಂದ ನಿನಗೆ ಅದು ಚೊಕ್ಕವಾಗಿಯೇ ಕಂಡಿತು. ಅತ್ತ ಅವರಿಗೆ ಅದನ್ನೇ ಹಿಗ್ಗಿಸಿ ತೋರಿಸುವಾಗ ಕೆನ್ನೆ, ಕಿವಿ, ಕುತ್ತಿಗೆ ಎಲ್ಲ ಒಂದೇ ಮಬ್ಬು. ಸಪ್ಪಲಮ್ಮನವರು ‘ಹುಡುಗಿ ಲಕ್ಷಣವಾಗವ್ಳೆ’ ಎಂದದ್ದು ಆ ಮಬ್ಬಿಗೆ. ಒಳ್ಳೆಯ ಕ್ಯಾಮೆರಾ ಬೀರುವಿನಲ್ಲಿ ಡಬ್ಬಿಯೊಳಗಿತ್ತು.

ಯಾಕೆ ಹೀಗೆ ಮಾಡಿದೆ ಎಂದರೆ ಅಕ್ಕನ ಕಣ್ಣೀರು, ಅಪ್ಪನಿಲ್ಲದ ಮಗಳು ಎಂದೆಲ್ಲ ಬರೆಯಬಲ್ಲೆ. ನನಗೆ ಮಾತಿಗೆ ಬರವಿಲ್ಲ. ಆದರೆ ನಿಜ ಇಷ್ಟೇ. ಮೂವತ್ತು ವರ್ಷ ಲಾರಿಗೆ ಇಟ್ಟಿಗೆ ಜೋಡಿಸಿದವನು ನಾನು. ಹೊರ ಸಾಲಿಗೆ ಚೆನ್ನಾಗಿ ಬೆಂದ ಕೆಂಪು ಇಟ್ಟಿಗೆ, ಒಳಕ್ಕೆ ಅರೆಬೆಂದದ್ದು. ಕೇಳಿದರೆ ಹೇಳುವುದು, ಕೇಳದಿದ್ದರೆ ಇಲ್ಲ. ಎಲ್ಲರೂ ಹೀಗೇ ಜೋಡಿಸುತ್ತಾರೆ, ಇದಕ್ಕೆ ಮೋಸ ಎಂಬ ಹೆಸರೂ ಇಲ್ಲ. ಕೈ ತಾನಾಗಿ ನಿನ್ನನ್ನೂ ಹಾಗೇ ಜೋಡಿಸಿಬಿಟ್ಟಿತು.

ಮದುವೆಯಾದರೆ ಆಮೇಲೆ ಎಲ್ಲ ಹೊಂದಿಕೊಳ್ಳುತ್ತದೆ ಎಂದುಕೊಂಡಿದ್ದೆ. ನೀನು ಸೆರಗು ಬಿಟ್ಟು ಪಾಠ ಮಾಡಿದ್ದನ್ನು ಓದುವವರೆಗೂ ಹಾಗೇ ಅಂದುಕೊಂಡಿದ್ದೆ.

ನಿಶ್ಚಿತಾರ್ಥಕ್ಕೆ ನಲವತ್ತು ದಿನವಿದೆ. ಏನು ಮಾಡಲಿ, ನೀನೇ ಹೇಳು. ಅಕ್ಕನಿಗೆ ಇನ್ನೂ ತಿಳಿಸಿಲ್ಲ.

ಮುನಿಶಾಮಪ್ಪ


ತುಮಕೂರು
8-10-2011

ಮಾವನಿಗೆ,

ಅವರಿಗೆ ಹೇಳಿ. ಬೈಲಪ್ಪನ ಕೈಲಿ ಅಲ್ಲ, ಫೋನಿನಲ್ಲೂ ಅಲ್ಲ. ಡಬ್ಬಿಯಲ್ಲಿರುವ ಕ್ಯಾಮೆರಾ ತೆಗೆದು ಅದರ ಮುಂದೆ ನೀವೊಬ್ಬರೇ ಕೂತು ಹೇಳಿ. ದೀಪ ಮುಂದೆ ಇರಲಿ. ಹೇಳುವಾಗ ನಿಮ್ಮ ಮುಖ ಅವರಿಗೆ ಚೆನ್ನಾಗಿ ಕಾಣಬೇಕು.

ನಾನು ಬರುವುದಿಲ್ಲ.

ಸೋಮವಾರ ಶಾಲೆಗೆ ಹೇಗೆ ಹೋಗಬೇಕೋ ಗೊತ್ತಿಲ್ಲ. ಸೆರಗು ಸುತ್ತಿಕೊಂಡರೆ ಆ ಹುಡುಗಿ ಯಾಕೆ ಎಂದು ಕೇಳುತ್ತಾಳೆ.

ಕೀರ್ತನಾ


ದೇವನಹಳ್ಳಿ
15-10-2011

ಕೀರ್ತನಾಗೆ,

ನಿನ್ನೆ ಶುಕ್ರವಾರ ಮಧ್ಯಾಹ್ನ ಹೇಳಿದೆ. ನೀನು ಹೇಳಿದ ಹಾಗೆಯೇ ಕೂತೆ. ಮೂಲೆಯ ಚೌಕದಲ್ಲಿ ನನ್ನ ಮುಖ ಕಾಣುತ್ತಿತ್ತು. ಅದನ್ನು ಮುಚ್ಚಿಬಿಡುವ ಒಂದು ಗುಂಡಿ ಇದೆ. ಒತ್ತಲಿಲ್ಲ.

ಸಪ್ಪಲಮ್ಮನವರ ಮಡಿಲಲ್ಲಿ ಪ್ರಮೋದಾಳ ಕೂಸಿತ್ತು, ಪಕ್ಕದಲ್ಲಿ ಮುರಳಿ. ನಿಶ್ಚಿತಾರ್ಥದ ಸೀರೆಯ ಮಾತಿಗೆ ಬಂದಿದ್ದೇನೆ ಎಂದು ಆಕೆ ತಿಳಿದಿದ್ದರು, ಪ್ರಮೋದಾಗೂ ಕೇಳಿಸಲಿ ಎಂದು ಒಳಗಿನಿಂದ ಕರೆದರು. ಅವಳು ಬಂದು ಕೂತ ಮೇಲೆ ನಾನು ಶುರು ಮಾಡಿದೆ. ಮಚ್ಚೆ ಎಲ್ಲಿದೆ, ಎಷ್ಟಿದೆ, ಯಾವಾಗಿನಿಂದ ಇದೆ, ನಿನ್ನ ಷರತ್ತು ಏನಿತ್ತು, ನಾನು ಏನು ಮಾಡಿದೆ, ಎಲ್ಲ. ಮುಗಿದ ಮೇಲೆ ಅತ್ತಲಿಂದ ಸದ್ದಿಲ್ಲ. ಲೈನು ನಿಂತುಹೋಯಿತೇನೋ, ನಿಂತಿದ್ದರೆ ಒಳ್ಳೆಯದು ಎಂದು ಒಂದು ಗಳಿಗೆ ಆಸೆಪಟ್ಟೆ. ಆದರೆ ಮಡಿಲ ಕೂಸು ಕಾಲಾಡಿಸುತ್ತಲೇ ಇತ್ತು.

ಸಪ್ಪಲಮ್ಮನವರು ಬೈಯಲಿಲ್ಲ. ಬೈದಿದ್ದರೆ ನನಗೆ ದಾರಿ ಗೊತ್ತಿತ್ತು. ಆಕೆ ಮೆಲ್ಲಗೆ ಅಂದರು: ‘ಬಣ್ಣ ಬಿಡೋದು ಯಾರ ಕೈಲದೆ ಅಣ್ಣಾ. ಆವತ್ತೇ ತೋರ್ಸಿದ್ರೆ ನಾವು ಹೂಂ ಅಂತಿದ್ವೋ, ಊಹೂಂ ಅಂತಿದ್ವೋ, ಅದು ನಮ್ಮ ಮಾತಾಗಿರ್ತಿತ್ತು. ಈಗ ನಮ್ಮ ಹೂಂ ನೀವೇ ಅಂದಂಗಾಯ್ತಲ್ಲ.’

ಪ್ರಮೋದಾ ಎದ್ದು ಹೋದಳು. ಮುರಳಿ ಅಷ್ಟು ಹೊತ್ತೂ ಪರದೆಯನ್ನೇ ನೋಡುತ್ತಿದ್ದವನು ಒಂದೇ ಪ್ರಶ್ನೆ ಕೇಳಿದ.

‘ಅವ್ರಿಗೆ ಗೊತ್ತಿತ್ತಾ?’

‘ಇಲ್ಲ ಕಣಪ್ಪ. ನನ್ನಾಣೆ ಅವಳಿಗೆ ಗೊತ್ತಿರ್ಲಿಲ್ಲ’ ಎಂದೆ.

‘ಆವತ್ತೂ ನೀವೇ ಮಾತಾಡಿದ್ದು, ಇವತ್ತೂ ನೀವೇ ಮಾತಾಡ್ತಿರೋದು. ಯಾವುದನ್ನ ನಂಬ್ಲಿ ಸರ್?’

ಆವತ್ತು ಮಾವ ಎಂದಿದ್ದ, ಈಗ ಸರ್ ಎಂದ. ಎಷ್ಟು ಆಣೆ ಇಟ್ಟರೂ ನನ್ನ ಮಾತು ಅವನ ಕಿವಿಯ ತನಕ ಹೋಗಿ ಹಿಂದಕ್ಕೆ ಬರುತ್ತಿತ್ತು. ನಾನು ಕಲಕಿದ ನೀರಿನಲ್ಲಿ ನಿನ್ನ ನಿಜವೂ ಕಲಕಿಹೋಯಿತು ಎಂದು ಆಗ ತಿಳಿಯಿತು. ನಿನಗೇ ಬರೆಯುತ್ತೇನೆ ಎಂದು ಹಾಸ್ಟೆಲಿನ ವಿಳಾಸ ಕೇಳಿದ, ಕೊಟ್ಟಿದ್ದೇನೆ.

ಅಲ್ಲಿಂದ ನೇರ ಕುಂದಾಣಕ್ಕೆ ಹೋಗಿ ಅಕ್ಕನಿಗೂ ಹೇಳಿದೆ. ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನೀನೂ ಬಿಟ್ಟರೆ ತಪ್ಪಿಲ್ಲ.

ಮುನಿಶಾಮಪ್ಪ


ತುಮಕೂರು
20-11-2011

ಮಾವನಿಗೆ,

ಹನ್ನೊಂದನೇ ತಾರೀಕು ಕಳೆದುಹೋಯಿತು. ಆ ದಿನ ಇಲ್ಲಿ ಪರೀಕ್ಷೆ ಇತ್ತು, ಚೆನ್ನಾಗಿಯೇ ಬರೆದೆ.

ಮುರಳಿಯವರ ಕಾಗದ ಅಕ್ಟೋಬರ್ ಕೊನೆಗೇ ಬಂದಿತ್ತು. ಒಳ್ಳೆಯ ಅಕ್ಷರ. ಮಚ್ಚೆಯ ಬಗ್ಗೆ ತನಗೆ ಬೇಸರವಿಲ್ಲ, ತಾಯಿಗೂ ಇಲ್ಲ, ಮದುವೆಗೆ ತಮ್ಮ ಒಪ್ಪಿಗೆ ಇದೆ ಎಂದು ಬರೆದಿದ್ದರು. ಕೊನೆಗೆ ಒಂದು ಸಾಲು ಇತ್ತು: ‘ಆ ದಿನ ನಡೆದದ್ದಕ್ಕೆ ನಿಮ್ಮನ್ನು ಕ್ಷಮಿಸಿದ್ದೇನೆ.’

ಅಮ್ಮ ಕೂಡಲೇ ಒಪ್ಪಿಕೋ ಎಂದಳು. ಅವಳ ದೃಷ್ಟಿಯಲ್ಲಿ ಎಲ್ಲ ಸರಿಹೋಗಿತ್ತು. ನಾನು ಆ ಒಂದು ಸಾಲನ್ನು ಒಂದು ವಾರ ಓದಿದೆ. ನನಗೆ ಗೊತ್ತಿರಲಿಲ್ಲ ಎಂದು ಬರೆದು ಕಳಿಸಿದೆ. ಅದಕ್ಕೆ ಅವರು, ‘ಇರಲಿ ಬಿಡಿ, ಆ ಮಾತು ಮುಗಿಯಿತು’ ಎಂದು ಬರೆದರು. ಒಳ್ಳೆಯ ಮನುಷ್ಯರೇ. ಆದರೆ ಅವರಿಗೆ ಮುಗಿದದ್ದು ಅವರು ನಂಬಿದ್ದರಿಂದಲ್ಲ, ಬಿಟ್ಟುಕೊಟ್ಟಿದ್ದರಿಂದ. ಆ ಮನೆಯಲ್ಲಿ ನಾನು ಇರುವಷ್ಟು ದಿನವೂ ಕ್ಷಮೆ ಪಡೆದು ಬಂದವಳಾಗಿ ಇರಬೇಕಿತ್ತು. ಒಂದು ದಿನ ಬೇರೆ ರೀತಿ ತಲೆ ಬಾಚಿದರೂ ಏನನ್ನು ಮುಚ್ಚಿದಳು ಎಂದು ಅವರ ಕಣ್ಣು ಹುಡುಕುತ್ತಿತ್ತು. ಬೇಡ ಎಂದು ಬರೆದೆ. ಮಚ್ಚೆಗಾಗಿ ಬೇಡ ಅನ್ನಿಸಿಕೊಳ್ಳುವುದು ನನಗೆ ಬರುತ್ತದೆ, ಮಾವ. ಮಾಡದ ತಪ್ಪಿಗೆ ಪರವಾಗಿಲ್ಲ ಅನ್ನಿಸಿಕೊಳ್ಳುವುದು ಬರುವುದಿಲ್ಲ.

ನಿಮ್ಮ ಮೇಲೆ ಕೋಪ ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನೀವು ಮಚ್ಚೆಯನ್ನು ಮುಚ್ಚಿದಿರಿ ಎಂದಲ್ಲ. ಎಲ್ಲರ ಹಾಗೆ ನಿಮಗೂ ಅದೇ ಮೊದಲು ಕಂಡಿತು ಎಂದು. ನಿಮಗೆ ನಾನು ಕಾಣುತ್ತೇನೆ ಎಂದುಕೊಂಡಿದ್ದೆ.

ಶಾಲೆಗೆ ಸೆರಗು ಸುತ್ತದೆಯೇ ಹೋಗುತ್ತಿದ್ದೇನೆ. ಮೊದಲು ಹೋದದ್ದು ಯಾರೋ ನೋಡಿ ಒಪ್ಪಿದರು ಎಂಬ ಧೈರ್ಯಕ್ಕೆ. ಈಗ ಆ ಧೈರ್ಯವಿಲ್ಲ, ಅಭ್ಯಾಸವಿದೆ.

ಡಿಸೆಂಬರ್ ನಾಲ್ಕು, ಭಾನುವಾರ, ತ್ಯಾಮಗೊಂಡ್ಲಿನಿಂದ ಒಬ್ಬರು ನೋಡಲು ಬರುತ್ತಾರಂತೆ. ಕುಂದಾಣದ ಮನೆಗೇ ಬರುತ್ತಾರೆ. ಅಪ್ಪನ ಜಾಗದಲ್ಲಿ ಕೂರಲು ನನಗೆ ನೀವಲ್ಲದೆ ಬೇರೆ ಯಾರೂ ಇಲ್ಲ, ಅಮ್ಮನಿಗೆ ಹೇಳಿ ಒಪ್ಪಿಸಿದ್ದೇನೆ. ನೀವು ಬರಬೇಕು. ಬಂದು ಚಾಪೆಯ ಮೇಲೆ ಕೂರಬೇಕು. ಆದರೆ ಒಂದು ಮಾತೂ ಆಡಬಾರದು. ಊರು, ಹೊಲ, ಓದು, ಮಚ್ಚೆ, ಎಲ್ಲವನ್ನೂ ನಾನೇ ಹೇಳುತ್ತೇನೆ. ಪದ್ಧತಿ ಇಲ್ಲ ಎಂದು ಅವರು ಮುಖ ತಿರುಗಿಸಿದರೆ ತಿರುಗಿಸಲಿ. ನಿಮ್ಮನ್ನು ಏನಾದರೂ ಕೇಳಿದರೆ ನನ್ನ ಕಡೆ ನೋಡಿ, ಸಾಕು.

ಕೀರ್ತನಾ


ದೇವನಹಳ್ಳಿ
23-11-2011

ಕೀರ್ತನಾಗೆ,

ಬರುತ್ತೇನೆ.

ಮಾವ